ಕರಡಿಗೆ, ಟೋಪಿ, ಮಾಲೆ: ಕೆಲಸದ ಜಾಗದಲ್ಲಿ ಹಕ್ಕು ಎಷ್ಟು, ಹೊಂದಾಣಿಕೆ ಹೇಗೆ?

ಹರಿಹರದ ವರ್ಕ್‌ಶಾಪೊಂದರಲ್ಲಿ ಲೇತ್ ಮುಂದೆ ನಿಂತ ಟರ್ನರ್‌ನ ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ಇರುತ್ತದೆ. ಪಕ್ಕದ ಮಷೀನಿನವನು ಗಡ್ಡ ಬಿಟ್ಟಿರುತ್ತಾನೆ. ನವೆಂಬರ್ ಮಧ್ಯ ಬಂತೆಂದರೆ ಮತ್ತೊಬ್ಬ ಅಯ್ಯಪ್ಪನ ಮಾಲೆ ಹಾಕಿ ಬರಿಗಾಲಲ್ಲಿ ಗೇಟಿಗೆ ಬರುತ್ತಾನೆ. ದಾವಣಗೆರೆಯ ಆಸ್ಪತ್ರೆಗಳಲ್ಲಿ ಹಿಜಾಬ್ ಧರಿಸಿದ ನರ್ಸ್ ಮತ್ತು ಕೈತುಂಬ ಗಾಜಿನ ಬಳೆ ತೊಟ್ಟ ನರ್ಸ್ ಒಂದೇ ಪಾಳಿಯಲ್ಲಿ ದುಡಿಯುತ್ತಾರೆ. ಹೊಸ ಮ್ಯಾನೇಜರ್ ಬಂದಾಗಲೋ, ಗ್ರಾಹಕರೊಬ್ಬರು ತಕರಾರು ತೆಗೆದಾಗಲೋ ‘ಇದನ್ನು ತೆಗೆದು ಬಾ’ ಎಂಬ ಮಾತು ಹೊರಡುತ್ತದೆ. ಆಗ ಕಾನೂನು ಯಾರ ಕಡೆಗಿದೆ ಎಂದು ಹೇಳಿದವರಿಗೂ ಕೇಳಿಸಿಕೊಂಡವರಿಗೂ ಗೊತ್ತಿರುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಹರಿಹರದ ಕಾಲೇಜಿನ ಅಂಗಳದವರೆಗೂ ಬಂದು, ಕಲ್ಲು ತೂರಾಟವಾಗಿ, ನಿಷೇಧಾಜ್ಞೆ ಜಾರಿಯಾಗಿತ್ತು. ಆ ನೆನಪು ಹಸಿಯಾಗಿರುವುದರಿಂದ ಕೋರ್ಟು ಎಲ್ಲ ಕಡೆಯೂ ಹಿಜಾಬ್ ಬೇಡ ಎಂದಿದೆ ಎಂದು ನಂಬಿದವರು ಸಿಗುತ್ತಾರೆ. ಅದು ತಪ್ಪು. ಸರ್ಕಾರದ ಫೆಬ್ರವರಿ 5ರ ಆದೇಶವಾಗಲಿ, ಹೈಕೋರ್ಟಿನ ಮಾರ್ಚ್ 15ರ ತೀರ್ಪಾಗಲಿ ಶಾಲೆ ಕಾಲೇಜುಗಳ ಸಮವಸ್ತ್ರಕ್ಕೆ ಸಂಬಂಧಿಸಿದವು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾರ್ಖಾನೆ, ಅಂಗಡಿ, ಆಸ್ಪತ್ರೆಯಲ್ಲಿ ದುಡಿಯುವವರ ಉಡುಪಿನ ಪ್ರಶ್ನೆ ಅಲ್ಲಿ ಇರಲೇ ಇಲ್ಲ.

ಹಾಗಾದರೆ ದುಡಿಯುವವರಿಗೆ ಯಾವ ಕಾನೂನು? ಸಂವಿಧಾನದ 25ನೇ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಅದರ ಮಿತಿಗಳು. ಸರ್ಕಾರಿ ನೌಕರಿಯಲ್ಲಿ ಧರ್ಮದ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು 16ನೇ ವಿಧಿ ಹೇಳುತ್ತದೆ. ಇವೆರಡರ ಹಿಡಿತ ಮುಖ್ಯವಾಗಿ ಸರ್ಕಾರದ ಮೇಲೆ. ಮಹಾನಗರಪಾಲಿಕೆ, ಸಾರಿಗೆ ನಿಗಮ, ಸರ್ಕಾರಿ ಆಸ್ಪತ್ರೆಯ ನೌಕರರು ಇವನ್ನು ಹಿಡಿದು ಹೈಕೋರ್ಟಿಗೆ ಹೋಗಬಹುದು. ಖಾಸಗಿ ಶೋರೂಮಿನ ಸೇಲ್ಸ್‌ಗರ್ಲ್‌ಗೆ ಆ ದಾರಿ ಸುಲಭವಲ್ಲ. ಧರ್ಮದ ಹೆಸರಿನ ತಾರತಮ್ಯವನ್ನು ಖಾಸಗಿ ಉದ್ಯೋಗದಲ್ಲಿ ನೇರವಾಗಿ ತಡೆಯುವ ಸಮಗ್ರ ಕಾಯ್ದೆ ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ದಾವಣಗೆರೆಯಂಥ ಊರಲ್ಲಿ ಹತ್ತಿ ಗಿರಣಿಗಳ ಕಾಲ ಮುಗಿದು, ಖಾಸಗಿ ಆಸ್ಪತ್ರೆ, ಕಾಲೇಜು, ಅಂಗಡಿಗಳೇ ಬಹುಜನರ ಅನ್ನದ ದಾರಿಯಾಗಿರುವಾಗ ಈ ಕೊರತೆ ಇನ್ನಷ್ಟು ಚುಚ್ಚುತ್ತದೆ.

ಸೇನೆ, ಪೊಲೀಸ್ ಪಡೆಗಳ ಮಾತು ಬೇರೆ. ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರು ಗಡ್ಡ ಬಿಡಲು ಅನುಮತಿ ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಅವರ ವಿರುದ್ಧ ತೀರ್ಪು ಕೊಟ್ಟಿತು. ಅಂಥ ಪಡೆಗಳಲ್ಲಿ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು 33ನೇ ವಿಧಿಯೇ ಅವಕಾಶ ಕೊಟ್ಟಿದೆ. ಬಟ್ಟೆ ಅಂಗಡಿಯ ಮಾಲೀಕರು ಈ ತೀರ್ಪನ್ನು ತೋರಿಸಿ ಗಡ್ಡ ತೆಗೆಸಲು ಹೊರಟರೆ ಅದು ಸಲ್ಲದು.

ನ್ಯಾಯವಾದ ನಿಯಮಕ್ಕೂ ಅನ್ಯಾಯದ ನಿಯಮಕ್ಕೂ ಇರುವ ವ್ಯತ್ಯಾಸ ತಿಳಿಯಲು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ಜನವರಿ 15ರಂದು ಕೊಟ್ಟ ಒಂದು ತೀರ್ಪು ನೆರವಾಗುತ್ತದೆ. ಬ್ರಿಟಿಷ್ ಏರ್‌ವೇಸ್‌ನ ಚೆಕ್-ಇನ್ ಕೌಂಟರಿನ ನಾಡಿಯಾ ಎವೈಡಾ ಕೊರಳಲ್ಲಿ ಕಾಣುವಂತೆ ಪುಟ್ಟ ಶಿಲುಬೆ ಹಾಕಿದ್ದಕ್ಕೆ ಕೆಲಸದಿಂದ ಮನೆಗೆ ಹೋಗಬೇಕಾಗಿ ಬಂದಿತ್ತು. ಅವರು ಗೆದ್ದರು. ವೃದ್ಧರ ವಾರ್ಡಿನ ನರ್ಸ್ ಶರ್ಲಿ ಚಾಪ್ಲಿನ್ ಕೂಡ ಶಿಲುಬೆಗಾಗಿಯೇ ಬಂದಿದ್ದರು. ಅವರು ಸೋತರು. ಕೌಂಟರಿನಲ್ಲಿ ಶಿಲುಬೆಯಿಂದ ಯಾರಿಗೂ ಕೇಡಿಲ್ಲ. ವಾರ್ಡಿನಲ್ಲಿ ದಿಕ್ಕುತಪ್ಪಿದ ರೋಗಿ ಸರ ಹಿಡಿದೆಳೆಯಬಹುದು, ಅದು ಗಾಯಕ್ಕೆ ತಾಗಬಹುದು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕದು. ಆದರೂ ಉಡುಪಿನ ಯಾವ ನಿಯಮ ಬಂದರೂ ಕೇಳಬೇಕಾದ ಪ್ರಶ್ನೆಯನ್ನು ಅದು ಕಲಿಸುತ್ತದೆ: ಇದರಿಂದ ಯಾವ ಅಪಾಯ ತಪ್ಪುತ್ತದೆ?

ಈ ಪ್ರಶ್ನೆಯನ್ನು ಹಿಡಿದು ನಮ್ಮೂರಿನ ಕೆಲಸಗಳನ್ನೇ ನೋಡೋಣ. ಲೇತಿನ ತಿರುಗುವ ಚಕ್‌ಗೆ ಸಡಿಲ ದಾರ, ತೋಳು, ಶಾಲು ಸಿಕ್ಕರೆ ಕೈ ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಚಲಿಸುವ ಯಂತ್ರದ ಹತ್ತಿರ ಮೈಗಂಟಿದ ಉಡುಪು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮೇ ಹೇಳಿತ್ತು. ಹಾಗೆಂದು ಲಿಂಗವನ್ನು ಮೈಯಿಂದ ಇಳಿಸಬೇಕಿಲ್ಲ. ಕರಡಿಗೆಯನ್ನು ಬನಿಯನ್ನಿನ ಒಳಗೆ ಸೇರಿಸಿ, ದಾರ ಹೊರಗೆ ಜೋಲದಂತೆ ಮೇಲೆ ಗುಂಡಿ ಹಾಕಿದರೆ ಆಯಿತು. ವಿದ್ಯುತ್ ಕೆಲಸದವರು ಬೆಳ್ಳಿಯ ಕರಡಿಗೆ ಬದಲು ಬಟ್ಟೆಯಲ್ಲಿ ಕಟ್ಟಿಕೊಳ್ಳಬಹುದು. ಮಾಲಾಧಾರಿಯ ತುಳಸಿ, ರುದ್ರಾಕ್ಷಿ ಮಾಲೆಯೂ ಅಂಗಿಯೊಳಗೆ ಇರಬಹುದು. ಕಪ್ಪು ಬಟ್ಟೆಯ ಮೇಲೆ ಕಾರ್ಖಾನೆಯ ಕೋಟು ತೊಡಬಹುದು. ಕಷ್ಟವಿರುವುದು ಬರಿಗಾಲಿನಲ್ಲಿ. ಕಬ್ಬಿಣದ ಚೂರು ಬಿದ್ದ ನೆಲದ ಮೇಲೆ ಬರಿಗಾಲಿಗೆ ಒಪ್ಪುವ ಮಾಲೀಕ ಒಳ್ಳೆಯವನಲ್ಲ, ಹೊಣೆಗೇಡಿ. ಚರ್ಮವಿಲ್ಲದ ಸುರಕ್ಷಾ ಬೂಟು ಸಿಗುತ್ತದೆ. ಅದೂ ಒಲ್ಲದವನಿಗೆ ವ್ರತದ 41 ದಿನ ಸ್ಟೋರಿನಲ್ಲೋ ಲೆಕ್ಕದ ಮೇಜಿನಲ್ಲೋ ಕೆಲಸ ಕೊಡಬಹುದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯೆದುರು ನಿಲ್ಲುವವರಿಗೆ ಜೋಲುವ ದುಪಟ್ಟಾ ಅಪಾಯ. ಪಿನ್ ಹಾಕಿ ಬಿಗಿಯಾಗಿ ಕಟ್ಟಿದ ಹತ್ತಿಯ ತಲೆವಸ್ತ್ರ ಹಾಗಲ್ಲ.

ಆಪರೇಷನ್ ಥಿಯೇಟರಿನಲ್ಲಿ ಮನೆಯಿಂದ ತೊಟ್ಟು ಬಂದ ಹಿಜಾಬ್ ಆಗದು. ತಲೆ, ಕಿವಿ, ಕುತ್ತಿಗೆ ಮುಚ್ಚುವ ಸರ್ಜಿಕಲ್ ಹುಡ್ ಆಗುತ್ತದೆ. ಬಳೆಗೂ ಅಲ್ಲಿ ಅದೇ ಕಟ್ಟುಪಾಡು ಇರಬೇಕು, ಏಕೆಂದರೆ ಬಳೆಯ ಸಂದಿನಲ್ಲೂ ರೋಗಾಣು ನಿಲ್ಲುತ್ತದೆ. ಒಂದು ಧರ್ಮದ ಗುರುತಿಗೆ ಬಿಗಿ, ಇನ್ನೊಂದಕ್ಕೆ ಸಡಿಲ ಎಂದಾದರೆ ಆ ನಿಯಮದ ಉದ್ದೇಶ ಸುರಕ್ಷತೆ ಅಲ್ಲ. ಗಡ್ಡವಿದ್ದವರ ಮುಖಕ್ಕೆ ಎನ್-95 ಮಾಸ್ಕ್ ಸರಿಯಾಗಿ ಕೂರದೆಂಬುದು ನಿಜವೇ. ಆದರೆ ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಿಖ್ ದಂತವೈದ್ಯರು ಗಡ್ಡದ ಮೇಲೆ ರಬ್ಬರ್ ಪಟ್ಟಿ ಬಿಗಿದು ಅದರ ಮೇಲೆ ಮಾಸ್ಕ್ ಹಾಕುವ ಉಪಾಯ ಕಂಡುಕೊಂಡರು.

ಬರೀ ನೋಟದ ಕಾರಣ ಕೊಡುವ ನಿಯಮಗಳೇ ಹೆಚ್ಚು ನೋಯಿಸುವುದು. 2023ರಲ್ಲಿ ಬೆಂಗಳೂರಿನ ಬಸ್ಸೊಂದರಲ್ಲಿ ಪ್ರಯಾಣಿಕರೊಬ್ಬರು ಕಂಡಕ್ಟರಿಗೆ ಕೆಲಸದ ವೇಳೆ ಟೋಪಿ ಏಕೆ ಎಂದು ಕೇಳಿ ತೆಗೆಸಿದ ವಿಡಿಯೊ ಎಲ್ಲೆಡೆ ಹರಿದಾಡಿತು. ವಿಭೂತಿ, ಟೋಪಿ, ಕುಂಕುಮ ಯಾವುದೂ ಟಿಕೆಟ್ ಕೊಡಲು ಅಡ್ಡಿ ಬರದು. ಸಮವಸ್ತ್ರದ ನಿಯಮ ಏನೆಂದು ಹೇಳುವ ಹೊಣೆ ಸಂಸ್ಥೆಯದು. ಪ್ರಯಾಣಿಕರ ಎದುರು ನೌಕರನನ್ನು ಒಂಟಿಯಾಗಿ ನಿಲ್ಲಿಸಬಾರದು.

ಖಾಸಗಿ ನೌಕರರ ರಕ್ಷಣೆ ಬಹುಪಾಲು ಕಾಗದದ ಮೇಲೆ ನಿಂತಿದೆ. ಸೇರುವಾಗಲೇ ನೇಮಕಾತಿ ಪತ್ರ, ಉಡುಪಿನ ನಿಯಮ ಕೇಳಿ ಓದಿ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 300 ಕಾರ್ಮಿಕರಿರುವ ಕಡೆ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಲಿಖಿತ ನಿಯಮಗಳು, ಬೇಕು. 20 ಮಂದಿ ಇದ್ದರೂ ಕುಂದುಕೊರತೆ ಸಮಿತಿ ಇರಬೇಕು. ತೊಂದರೆಯಾದ ಒಂದು ವರ್ಷದೊಳಗೆ ಅಲ್ಲಿ ದೂರು ಕೊಡಬಹುದು, ಸಮಿತಿ 30 ದಿನದಲ್ಲಿ ತೀರ್ಮಾನಿಸಬೇಕು. ಮಾಲೀಕ ಮನಬಂದಂತೆ ದಂಡ ಹಾಕುವಂತಿಲ್ಲ. ನಿಮ್ಮ ಮಾತು ಕೇಳಬೇಕು, ದಂಡ ಆ ಅವಧಿಯ ವೇತನದ ಶೇ. 3 ಮೀರಬಾರದು. ಅರ್ಜಿಯಲ್ಲಿ ‘ನನ್ನ ಧರ್ಮಕ್ಕೆ ಅವಮಾನ’ ಎಂಬ ಸಾಲಿಗಿಂತ ಫಲ ಕೊಡುವ ಸಾಲು ಬೇರೆ: ನಾನು ಧರಿಸುವುದು ಇದು, ನೀವು ಹೇಳುವ ಅಪಾಯ ಇದು, ಅದನ್ನು ತಪ್ಪಿಸಲು ನಾನು ಹೀಗೆ ಮಾಡಲು ಸಿದ್ಧ. ದಿನಾಂಕ ಹಾಕಿ, ಸ್ವೀಕೃತಿ ಪಡೆದು, ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ಆದೇಶವನ್ನು ಬರೆದು ಕೊಡಿ ಎಂದು ಕೇಳಿ. ಬರೆಯಲು ಕೂತಾಗ ಕಾರಣ ಹೊಳೆಯದೆ ಎಷ್ಟೋ ಆದೇಶಗಳು ಅಲ್ಲೇ ನಿಲ್ಲುತ್ತವೆ.

ಐದಾರು ಜನ ದುಡಿಯುವ ಭಟ್ಟಿ, ಬೇಕರಿಗಳಲ್ಲಿ ಸಮಿತಿ ಇರುವುದಿಲ್ಲ. ಅಲ್ಲಿಯವರು ಕಾರ್ಮಿಕ ಇಲಾಖೆಯ ಅಧಿಕಾರಿಗೆ ಬರೆದು ಕೊಡಬಹುದು. ಕೆಲಸದಿಂದಲೇ ತೆಗೆದಿದ್ದರೆ ತಡಮಾಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕಾನೂನು ಸೇವೆಗಳ 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಹೋಗುವಾಗ ನೇಮಕಾತಿ ಪತ್ರ, ಸಂಬಳದ ಚೀಟಿ, ಕೊಟ್ಟ ಅರ್ಜಿಯ ಪ್ರತಿ ಜೊತೆಗಿರಲಿ.