ನಿದ್ದೆ ಬಾರದ ರೋಗಿಗೆ ಮೊದಲು ಬೇಕಾದದ್ದು ಏನು?

ರಾತ್ರಿ ಎರಡು ಗಂಟೆ ಎಂದಿಟ್ಟುಕೊಳ್ಳಿ. ಮನೋರೋಗ ವಾರ್ಡಿನಲ್ಲಿ ಎಲ್ಲರೂ ಮಲಗಿದ್ದಾರೆ. ಒಬ್ಬ ಯುವಕ ಮಾತ್ರ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದಾನೆ. ತಡೆದರೆ ರೇಗುತ್ತಾನೆ. ಅವನಿಗಿರುವುದು ಸ್ಕಿಜೋಫ್ರೀನಿಯ, ಅಂದರೆ ಇಚ್ಚಿತ್ತ ವಿಕಲತೆ. "ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಬಾರದೇ?" ಎಂದು ನೀವು ಕೇಳಬಹುದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇವನಿಗೆ ನಿದ್ದೆ ಏಕೆ ಬರುತ್ತಿಲ್ಲ?

ಕಾರಣ ಒಂದೇ ಅಲ್ಲ. ಮೊದಲನೆಯದು, ಕಾಯಿಲೆಯೇ. ಯಾರೂ ಮಾತನಾಡದಿದ್ದರೂ ಈ ರೋಗಿಗಳಲ್ಲಿ ಅನೇಕರಿಗೆ ಧ್ವನಿಗಳು ಕೇಳಿಸುತ್ತವೆ. ಯಾರೋ ತನ್ನನ್ನು ಕೊಲ್ಲಲು ಹೊಂಚು ಹಾಕಿದ್ದಾರೆ ಎಂದು ದೃಢವಾಗಿ ನಂಬಿದವನು ಕಣ್ಣು ಮುಚ್ಚುವುದಾದರೂ ಹೇಗೆ?

ಎರಡನೆಯದು, ಶರೀರದ ತೊಂದರೆ. ನೋವು, ಜ್ವರ, ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು ಇವನ್ನು ರೋಗಿ ಬಾಯಿಬಿಟ್ಟು ಹೇಳದೇ ಇರಬಹುದು. ಬೀಡಿ ಸೇದುತ್ತಿದ್ದವನಿಗೆ ಆಸ್ಪತ್ರೆಯಲ್ಲಿ ಅದು ಒಮ್ಮೆಲೇ ನಿಂತುಹೋದಾಗಲೂ ಚಡಪಡಿಕೆ ಉಂಟಾಗುತ್ತದೆ.

ಮೂರನೆಯದು, ದಿನಚರಿ. ಹಗಲೆಲ್ಲ ಮಲಗಿರುವುದು, ಸಂಜೆಯ ಕಾಫಿ, ರಾತ್ರಿಯಿಡೀ ಉರಿಯುವ ದೀಪ, ಗದ್ದಲ ಇವು ಯಾರ ನಿದ್ದೆಯನ್ನಾದರೂ ಕೆಡಿಸುತ್ತವೆ. ಬೆಳಗಿನ ಬಿಸಿಲು, ಹಗಲಿನಲ್ಲಿ ಏನಾದರೊಂದು ಕೆಲಸ, ಮಲಗಲು ಏಳಲು ಗೊತ್ತಾದ ವೇಳೆ ಇವು ಮಿದುಳಿನ ಗಡಿಯಾರವನ್ನು ಸರಿದಾರಿಗೆ ತರಲು ನೆರವಾಗುತ್ತವೆ.

ನಾಲ್ಕನೆಯದು ಬಹಳ ಮುಖ್ಯ. ಮನೋರೋಗದ ಕೆಲವು ಔಷಧಗಳು 'ಅಕತೀಸಿಯ' ಎಂಬ ಅಡ್ಡಪರಿಣಾಮವನ್ನು ಉಂಟುಮಾಡಬಲ್ಲವು. ಆಗ ಒಳಗಿನಿಂದಲೇ ತಳಮಳ. ಒಂದು ಕಡೆ ಕೂರಲಾಗದು, ನಿಲ್ಲಲಾಗದು. ಇದನ್ನು ಕಾಯಿಲೆಯ ಉದ್ರೇಕವೆಂದು ತಿಳಿದು ಅದೇ ಔಷಧವನ್ನು ಹೆಚ್ಚಿಸಿದರೆ ತಳಮಳವೂ ಹೆಚ್ಚುತ್ತದೆ. ಬೇಸತ್ತ ರೋಗಿ ಮನೆಗೆ ಹೋದ ಮೇಲೆ ಮಾತ್ರೆಯನ್ನೇ ಬಿಡಬಹುದು, ಕಾಯಿಲೆ ಮರುಕಳಿಸಬಹುದು. ಔಷಧದ ಪ್ರಮಾಣ ತಗ್ಗಿಸಿ ಅಥವಾ ಬೇರೆ ಔಷಧ ಕೊಟ್ಟು ವೈದ್ಯರು ಇದನ್ನು ಸರಿಪಡಿಸಬಲ್ಲರು.

ಆದ್ದರಿಂದ ಅನುಭವಿ ದಾದಿ ಮೊದಲು ಮಾಡುವುದು ಮಾತನಾಡಿಸುವ ಕೆಲಸ. ಸುತ್ತ ಗುಂಪು ಸೇರಲು ಬಿಡದೆ, ತುಸು ದೂರದಲ್ಲಿ ನಿಂತು, ತಗ್ಗಿದ ದನಿಯಲ್ಲಿ, "ನಿಮಗೆ ಏನು ತೊಂದರೆಯಾಗುತ್ತಿದೆ?" ಎಂದು ಕೇಳುತ್ತಾರೆ. ಧ್ವನಿ ಕೇಳಿಸುತ್ತದೆ ಎಂದರೆ ವಾದಕ್ಕಿಳಿಯುವುದಿಲ್ಲ. ನಮ್ಮ ಯುವಕ, "ಕಾಲು ಸುಮ್ಮನಿರಲು ಬಿಡುತ್ತಿಲ್ಲ, ಸಿಸ್ಟರ್" ಎಂದನೆನ್ನಿ. ಆ ಒಂದು ಮಾತೇ ವೈದ್ಯರಿಗೆ ದಾರಿ ತೋರುತ್ತದೆ.

ಹಾಗಾದರೆ ಇಂಜೆಕ್ಷನ್ ಬೇಡವೇ? ಮಾತಿಗೆ ಬಗ್ಗದ, ಅಪಾಯ ತರುವ ಉದ್ರೇಕಕ್ಕೆ ಅದು ಬೇಕು. ವೆಲ್ಲೂರಿನಲ್ಲಿ 200 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೊರಾಜೆಪಾಮ್ ಒಂದು ಕಡೆ, ಹ್ಯಾಲೊಪೆರಿಡಾಲ್ ಮತ್ತು ಪ್ರೊಮೆಥಜಿನ್ ಜೋಡಿ ಇನ್ನೊಂದು ಕಡೆ ಹೋಲಿಸಲ್ಪಟ್ಟವು. ಎರಡೂ ಕೆಲಸ ಮಾಡಿದವು. ಜೋಡಿ ಔಷಧ ಹೆಚ್ಚು ಬೇಗ ಶಾಂತಗೊಳಿಸಿತು. ಇಂಜೆಕ್ಷನ್ ನಂತರ ಉಸಿರಾಟ, ನಾಡಿ, ರಕ್ತದೊತ್ತಡಗಳನ್ನು ಗಮನಿಸುತ್ತಿರಬೇಕು. ಸರಪಳಿ ಹಾಕುವುದನ್ನೂ ಒಂಟಿಯಾಗಿ ಕೂಡಿಹಾಕುವುದನ್ನೂ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ ನಿಷೇಧಿಸಿದೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಈ ಕಾಯಿಲೆಯಿಂದ ಚೇತರಿಸಿಕೊಂಡವರು ಇರಬಹುದು. ಅವರ ನಿದ್ದೆ ಕೆಲವು ದಿನ ಒಂದೇ ಸಮನೆ ಕೆಟ್ಟರೆ ಅದು ಕಾಯಿಲೆ ಮರಳುವ ಮುನ್ಸೂಚನೆಯಾಗಿರಬಹುದು. ಗದರಿಸಬೇಡಿ, ಮಾತ್ರೆಯನ್ನು ನೀವೇ ಹೆಚ್ಚಿಸಲೂ ಬೇಡಿ, ನಿಲ್ಲಿಸಲೂ ಬೇಡಿ. ವೈದ್ಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ.