ಕೋಲು ಮುಂದೆ, ಕಾಲು ಹಿಂದೆ
(ಬಾನುಲಿ ಭಾಷಣ)

ನಮ್ಮ ವಿಜಯಪುರದ ಸೀಮೆಯಲ್ಲಿ ಮೀನೂ ಮಂಜುಗಡ್ಡೆಯೂ ಕೂಡುವುದು ಒಂದೇ ಕಡೆ, ಪೇಟೆಯ ಮೀನಿನ ಪೆಟ್ಟಿಗೆಯಲ್ಲಿ. ಅಲ್ಲಿ ಕೆಳಗೆ ಮೀನು, ಮೇಲೆ ಮಂಜುಗಡ್ಡೆಯ ಪುಡಿ. ಆದರೆ ಮಂಜುಗಡ್ಡೆಯ ಕೆಳಗೆ ಮೀನು ಜೀವಂತವಾಗಿ ಈಜಾಡುವ ನಾಡುಗಳಿವೆ, ಜನರು ಆ ಗಡ್ಡೆಯ ಮೇಲೆಯೇ ಗುಡಿಸಲು ಹೂಡಿ ಗಾಳ ಇಳಿಬಿಟ್ಟು ಕೂಡುತ್ತಾರೆ ಎಂದು ಶಾಲೆಯ ದಿನಗಳಲ್ಲಿ ಓದಿದಾಗ ನಾನು ನಂಬಿರಲಿಲ್ಲ. ವರ್ಷಕ್ಕೆ 600 ಮಿಲಿಮೀಟರು ಮಳೆ ಬಿದ್ದರೆ ಪುಣ್ಯವೆನ್ನುವ, ಬೇಸಗೆಯಲ್ಲಿ 40 ಡಿಗ್ರಿ ದಾಟುವ ನೆಲದ ಹುಡುಗ ನಂಬುವುದಾದರೂ ಹೇಗೆ?

ಕೆಲವು ವರ್ಷಗಳ ಹಿಂದೆ ಅದನ್ನು ಕಣ್ಣಾರೆ ಕಾಣುವ ಯೋಗ ಕೂಡಿಬಂದಿತು. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಸುಪೀರಿಯರ್ ಮಹಾಸರೋವರದ ದಂಡೆಯ ಮೇಲೆ ದುಲುತ್ ಎಂಬ ಬಂದರು ಪಟ್ಟಣವಿದೆ. ನನ್ನ ಮಗಳ ಸಂಸಾರ ಅಲ್ಲಿ. ಜನವರಿಯ ಮಧ್ಯದಿಂದ ಮಾರ್ಚ್ ತಿಂಗಳ ಕೊನೆಯವರೆಗೆ ಹಡಗುಗಳು ದಾಟುವ ಸೂ ಎಂಬಲ್ಲಿಯ ನೀರುಬಾಗಿಲುಗಳನ್ನು ಮುಚ್ಚಿಬಿಡುತ್ತಾರೆ. ಹಡಗುಗಳು ಲಂಗರು ಹಾಕಿ ನಿಂತ ಬಂದರು ಆಗ ಬಿಳಿಯ ಬಯಲಾಗುತ್ತದೆ. ಬಯಲಿನ ತುಂಬ ಅಲ್ಲಲ್ಲಿ ನಮ್ಮ ಹೊಲದ ಗುಡಿಸಲಿನಷ್ಟೇ ಗಾತ್ರದ ಮರದ ಗೂಡುಗಳು. ಕೆಲವಕ್ಕೆ ಹೊಗೆಕೊಳವೆಯೂ ಉಂಟು.

ಮಗಳ ನೆರೆಮನೆಯ ಹಿರಿಯರು ತಮ್ಮ ಗುಡಿಸಲಿಗೆ ನನ್ನನ್ನು ಕರೆದರು. ದಂಡೆಗೆ ಹೋಗಿ ನಿಂತೆ. ಮುಂದೆ ಹೆಜ್ಜೆ ಇಡಲು ಕಾಲು ಒಪ್ಪಲಿಲ್ಲ. ಚಳಿಯಿಂದಲ್ಲ. ನನಗೆ ಮಮದಾಪುರದ ಕೆರೆ ನೆನಪಾಗಿತ್ತು.

ಬಬಲೇಶ್ವರ ತಾಲೂಕಿನ ಮಮದಾಪುರದ ಕೆರೆ, ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನ ಕಾಲದ್ದು. ಅವನ ಆಳ್ವಿಕೆ 1627ರಿಂದ 1656ರವರೆಗೆ. ನಗರದ ಬೇಗಂ ತಲಾಬವೂ ಅವನದೇ. ನಾನು ಹೇಳುತ್ತಿರುವುದು 1972ರ ಬರಗಾಲದ ಮಾತು. ನನಗೆ ಹತ್ತು ವರ್ಷ. ಕೆರೆ ಬತ್ತುತ್ತ ಬತ್ತುತ್ತ ನಡುವಿನಲ್ಲಿ ಒಂದು ಮಡುವಷ್ಟೇ ಉಳಿದಿತ್ತು. ನೀರು ಕಾದಂತೆ ಅದರಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಶೂನ್ಯ ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 14 ಮಿಲಿಗ್ರಾಮು ಪ್ರಾಣವಾಯುವನ್ನು ಹಿಡಿದಿಡಬಲ್ಲದು. 30 ಡಿಗ್ರಿಯ ನೀರು ಅದರ ಅರ್ಧದಷ್ಟನ್ನು ಮಾತ್ರ. ಹೀಗಾಗಿ ಮಡುವಿನ ಮೀನುಗಳು ಬಾಯಿ ತೆರೆದು ಮೇಲೆ ಮೇಲೆ ಬರುತ್ತಿದ್ದವು. ಮನೆಯಲ್ಲಿ ಜೋಳದ ಹಗೇವು ಬರಿದಾಗಿತ್ತು. ನಮ್ಮ ಕಾಕಾ ಬುಟ್ಟಿ ಹಿಡಿದು ಹೊರಟರು, ನಾನೂ ಬೆನ್ನುಹತ್ತಿದೆ.

ಕಾಕಾನ ಕೈಯಲ್ಲಿ ಆಳುದ್ದದ ಕೋಲು. ಎರಡು ಹೆಜ್ಜೆಗೊಮ್ಮೆ ನೆಲಕ್ಕೆ ಕುಟ್ಟಿ ನೋಡುವರು. ನನಗೆ ತಾಳ್ಮೆ ಎಲ್ಲಿಯದು? “ತಮ್ಮಾ, ಕೋಲು ಮುಂದ, ಕಾಲು ಹಿಂದ” ಎಂದು ಅವರು ಕೂಗುತ್ತಿದ್ದಂತೆಯೇ ನಾನು ಓಡಿದೆ. ಹತ್ತು ಮಾರು ಹೋಗಿರಬೇಕು. ಕಾಲ ಕೆಳಗಿನ ಹೆಪ್ಪು ಹಪ್ಪಳದಂತೆ ಮುರಿದು ಎದೆಯವರೆಗೆ ಹೂಳಿನಲ್ಲಿ ಇಳಿದುಬಿಟ್ಟೆ. ಒದ್ದಾಡಿದಷ್ಟೂ ಒಳಗೆ. ಕಾಕಾ ಓಡಿ ಬರಲಿಲ್ಲ. ಬಂದಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಅವರು ಮಟ್ಟಸವಾಗಿ ಹೊಟ್ಟೆಯ ಮೇಲೆ ಮಲಗಿ, ತೆವಳಿ, ಕೋಲಿನ ತುದಿಯನ್ನು ನನ್ನ ಕಡೆಗೆ ಚಾಚಿದರು. ಅಂದು ಮನೆಗೆ ಮೀನು ಬರಲಿಲ್ಲ.

ಏಕೆ ಹೀಗೆ? ನಮ್ಮದು ಎರೆಯ ನಾಡು. ಕೆರೆಗೆ ಹರಿದು ಬರುವ ಎರೆಮಣ್ಣು ಬಹಳ ನುಣುಪು. ನೀರನ್ನು ಹೀರಿ ಉಬ್ಬುತ್ತದೆ, ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಿಸಿಲಿಗೆ ಮೇಲಿನ ಪದರು ಒಣಗಿ ಹೆಪ್ಪಾಗುತ್ತದೆ. ಆ ಹೆಪ್ಪೇ ಮುಚ್ಚಳವಾಗಿ ಕೆಳಗಿನ ಹೂಳನ್ನು ತಿಂಗಳುಗಟ್ಟಲೆ ಹಸಿಯಾಗಿ ಉಳಿಸುತ್ತದೆ. ಬಿರುಕು ಅಗಲವಾಗಿ ಆಳಕ್ಕೆ ಇಳಿದಿದ್ದರೆ ನೆಲ ಗಟ್ಟಿಯಾಗಿದೆಯೆಂದು ಅರ್ಥ. ಬಿರುಕಿಲ್ಲದೆ ನುಣ್ಣಗೆ ಹೊಳೆಯುವ ಕಪ್ಪು ನೆಲವನ್ನು ಮಾತ್ರ ನಂಬಬಾರದು. ಮಕ್ಕಳ ಕಣ್ಣಿಗೆ ಅದೇ ಚೆಂದವಾಗಿ ಕಾಣುತ್ತದೆ.

ದುಲುತ್ತಿನ ಹಿರಿಯರ ಕೈಯಲ್ಲಿಯೂ ಅಂದು ಒಂದು ಕಬ್ಬಿಣದ ಹಾರೆಯಿತ್ತು. ಅವರೂ ಕೆಲವು ಹೆಜ್ಜೆಗೊಮ್ಮೆ ಕುಟ್ಟಿದರು. ಸಾವಿರಾರು ಹರದಾರಿಯಾಚೆ, ಭಾಷೆಯರಿಯದ ಒಬ್ಬರಲ್ಲಿ ನಾನು ಕಾಕಾನನ್ನು ಕಂಡೆನೆಂದರೆ ಉತ್ಪ್ರೇಕ್ಷೆಯಲ್ಲ. ಅವರ ಹಿಂದೆ, ಅವರ ಹೆಜ್ಜೆಯ ಗುರುತಿನಲ್ಲಿಯೇ ಹೆಜ್ಜೆಯಿಟ್ಟು ನಡೆದೆ.

ನೀರಿನ ಸ್ವಭಾವ ಸೋಜಿಗದ್ದು. ಬಹುಪಾಲು ಪದಾರ್ಥಗಳು ತಣ್ಣಗಾದಂತೆಲ್ಲ ಸಾಂದ್ರವಾಗುತ್ತ ಹೋಗುತ್ತವೆ. ಸಿಹಿನೀರು 4 ಡಿಗ್ರಿಯವರೆಗೆ ಹಾಗೆಯೇ ನಡೆದುಕೊಂಡು, ಅಲ್ಲಿಂದ ಮುಂದೆ ತಿರುಗಿ ಹಗುರಾಗುತ್ತದೆ. ಆದಕಾರಣ 4 ಡಿಗ್ರಿಯ ನೀರು ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ದಪ್ಪವಾದಷ್ಟೂ ಕೆಳಗಿನ ನೀರಿಗೆ ಅದೇ ಕಂಬಳಿ. ಕೆಳಗೆ ಮೀನು ತನ್ನ ಓಡಾಟವನ್ನೂ ಊಟವನ್ನೂ ತಗ್ಗಿಸಿಕೊಂಡು ಚಳಿಗಾಲವನ್ನು ಕಳೆಯುತ್ತದೆ. ಒಂದು ವೇಳೆ ಮಂಜುಗಡ್ಡೆ ನೀರಿಗಿಂತ ಭಾರವಾಗಿದ್ದರೆ ಕೆರೆಗಳು ತಳದಿಂದ ಹೆಪ್ಪುಗಟ್ಟುತ್ತ ಬಂದು ಮೀನಿನ ಸಂತತಿಯೇ ಉಳಿಯುತ್ತಿರಲಿಲ್ಲ.

ಆ ಹೆಪ್ಪಿನಲ್ಲಿಯೂ ಗಟ್ಟಿ, ಟೊಳ್ಳು ಎಂಬ ಭೇದವುಂಟು. ನಿರ್ಮಲವಾದ, ತುಸು ನೀಲಿ ಛಾಯೆಯ ಹೆಪ್ಪು ನಾಲ್ಕು ಅಂಗುಲ ದಪ್ಪವಿದ್ದರೆ ಒಬ್ಬ ಮನುಷ್ಯನ ಭಾರವನ್ನು ತಡೆಯುತ್ತದೆಂದು ಅಲ್ಲಿಯವರ ಲೆಕ್ಕ. ಹಿಮ ನೆನೆದು ಗಟ್ಟಿಯಾದ ಬಿಳಿಯ ಹೆಪ್ಪಿಗೆ ಅರ್ಧದಷ್ಟೇ ಶಕ್ತಿ. ಮೇಲೆ ಹಿಮ ಬಹಳ ಕಾಲ ಹೊದ್ದಿದ್ದರೆ ಬೆಳಕು ಇಳಿಯದೆ ನೀರಿನ ಸಸ್ಯಗಳು ಪ್ರಾಣವಾಯುವನ್ನು ಕೊಡಲಾರವು. ತಗ್ಗಾದ ಕೆರೆಗಳಲ್ಲಿ ಮೀನು ಉಸಿರುಗಟ್ಟಿ ಸಾಯುವುದುಂಟು. ನಮ್ಮಲ್ಲಿ ಬೇಸಗೆ ಮಾಡುವ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ.

ಗುಡಿಸಲಿನ ಒಳಗೆ ಒಂದು ಸಣ್ಣ ಒಲೆ, ಎರಡು ಆಸನ, ಬೈರಿಗೆಯಿಂದ ಕೊರೆದ ಗೇಣಗಲದ ತೂತು. ಅದರಲ್ಲಿ ದಾರ, ದಾರಕ್ಕೊಂದು ಬೆಂಡು. ಅದು ಅಲುಗುವವರೆಗೆ ಕಾಯುವುದೇ ಕಾಯಕ. ಇನ್ನೊಂದು ಪದ್ಧತಿಯನ್ನೂ ಅವರು ವಿವರಿಸಿದರು. ಕಿಟಕಿಯಿಲ್ಲದ ಕತ್ತಲೆಯ ಗುಡಿಸಲಿನಲ್ಲಿ ದೊಡ್ಡ ತೂತು ತೆಗೆದು, ಈಟಿ ಹಿಡಿದು ಕೂಡುವುದು. ಹೊರಗಿನ ಬೆಳಕು ಹೆಪ್ಪಿನ ಮೂಲಕ ಇಳಿದು ಒಳಗಿನ ಕತ್ತಲೆಗೆ ನೀರು ದೀಪದಂತೆ ಬೆಳಗುತ್ತದೆ. ಸುಳಿದ ಮೀನು ಸ್ಪಷ್ಟವಾಗಿ ಕಾಣುತ್ತದೆ. ಆ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನರು ಬಹು ಹಿಂದಿನಿಂದಲೂ ಹೀಗೆ ಮೀನು ಹಿಡಿಯುತ್ತ ಬಂದವರು.

ಎಚ್ಚರ ತಪ್ಪಿದರೆ ಅಲ್ಲಿಯೂ ಉಳಿವಿಲ್ಲ. 2009ರ ಫೆಬ್ರವರಿ 7ರಂದು ಒಹಾಯೋ ರಾಜ್ಯದ ಬಳಿ ಈರಿ ಸರೋವರದಲ್ಲಿ ಗಾಳಿಗೆ ಹೆಪ್ಪು ಬಿರಿದು ದಂಡೆಯಿಂದ ಕಳಚಿ ತೇಲಿಹೋಯಿತು. ಅದರ ಮೇಲೆ ಸಿಲುಕಿದ ನೂರಕ್ಕೂ ಹೆಚ್ಚು ಜನರನ್ನು ಪಾರುಮಾಡಲಾಯಿತು; ಒಬ್ಬರು ತೀರಿಕೊಂಡರು. ಮಿನೆಸೋಟಾದಲ್ಲಿ ಮಾರ್ಚ್ ತಿಂಗಳಲ್ಲಿ ಗೊತ್ತುಪಡಿಸಿದ ದಿನದೊಳಗೆ ಗುಡಿಸಲುಗಳನ್ನು ತೆರವು ಮಾಡಬೇಕೆಂಬ ಕಟ್ಟಳೆಯಿದೆ.

ಈಗ ನಮ್ಮ ಕೆರೆಗಳ ಕಥೆ ಬೇರೆಯಾಗಿದೆ. 2010ರ ದಶಕದ ಕೊನೆಯ ವರ್ಷಗಳಲ್ಲಿ ಏತ ನೀರಾವರಿಯಿಂದ ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳಿಗೆ ಕೃಷ್ಣೆಯ ನೀರು ಬಂದಿತು. ಮಮದಾಪುರದ ಕೆರೆಯ ಏರಿಯ ಮೇಲೆ ನಿಂತು ಅಲೆಗಳನ್ನು ನೋಡುವಾಗ ಕಾಕಾ ಇರಬೇಕಿತ್ತೆನಿಸುತ್ತದೆ. ಆದರೆ ತುಂಬಿದ ಕೆರೆಯೂ ಬೇಸಗೆಯಲ್ಲಿ ಅಂಚಿನಿಂದ ಹಿಂದೆ ಸರಿಯುತ್ತದೆ. ಸರಿದ ಕಡೆ ಅದೇ ನುಣ್ಣನೆಯ ಕಪ್ಪು ಹೆಪ್ಪು ಬಿಸಿಲಿಗೆ ಹೊಳೆಯುತ್ತದೆ. ಬರಗಾಲವನ್ನು ಕಾಣದ ಇಂದಿನ ಮಕ್ಕಳಿಗೆ ಅದರ ಗುಟ್ಟನ್ನು ಹೇಳಿಕೊಟ್ಟವರಿಲ್ಲ. ಶಾಲೆಗೆ ಸೂಟಿ ಬಿಟ್ಟಾಗ ಅವರು ಕೆರೆಯ ಕಡೆಗೆ ಹೊರಟರೆ ತಡೆಯುವುದು ಕಷ್ಟ, ನನ್ನನ್ನೂ ಯಾರೂ ತಡೆದಿರಲಿಲ್ಲ. ಜೊತೆಗೆ ಹಿರಿಯರೊಬ್ಬರು ಇರಲಿ. ಅವರ ಕೈಯಲ್ಲಿ ಆಳುದ್ದದ ಒಂದು ಕೋಲಿರಲಿ.