ಸೆಪ್ಪುಕು: ಮರ್ಯಾದೆ ಯಾರ ಕೈಯಲ್ಲಿತ್ತು?

ಸಮುರಾಯ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಅನಿಮೆ, ಇಲ್ಲಾಂದ್ರೆ ಯಾವುದೋ ಗೇಮು. ಬಿಳಿ ಬಟ್ಟೆ ತೊಟ್ಟು ಮಂಡಿಯೂರಿ ಕೂತ ಯೋಧ, ಉದುರುವ ಚೆರ್ರಿ ಹೂವು, ಹಿನ್ನೆಲೆಯಲ್ಲಿ ಕೊಳಲು. ಅವಮಾನಕ್ಕಿಂತ ಸಾವೇ ಮೇಲು ಅಂತ ಅವನೇ ತೀರ್ಮಾನ ಮಾಡಿದ ಎಂದು ನಾವು ನಂಬಿಬಿಡುತ್ತೇವೆ. ಆದರೆ ಸೆಪ್ಪುಕುವಿನ ಇತಿಹಾಸ ಓದುತ್ತಾ ಹೋದರೆ ಆ 'ಅವನೇ' ಅನ್ನೋ ಪದದ ಮೇಲೇ ಅನುಮಾನ ಶುರುವಾಗುತ್ತದೆ.

ಮೊದಲು ಹೆಸರಿನ ವಿಷಯ. ಸೆಪ್ಪುಕು, ಹರಾಕಿರಿ ಬೇರೆ ಬೇರೆ ಅಲ್ಲ. 'ಕತ್ತರಿಸು', 'ಹೊಟ್ಟೆ' ಅನ್ನೋ ಎರಡು ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ಒಂದು ಇನ್ನೊಂದಾಗುತ್ತದೆ. ಮೊದಲನೆಯದು ಚೀನೀ ಮೂಲದ ಉಚ್ಚಾರಣೆ, ದಾಖಲೆಗಳ ಭಾಷೆ, ಎರಡನೆಯದು ಆಡುಮಾತು. ಹೊಟ್ಟೆಯೇ ಯಾಕೆ ಅಂದ್ರೆ, ಮನುಷ್ಯನ ನಿಜವಾದ ಮನಸ್ಸು ಇರೋದು ಅಲ್ಲಿ ಅನ್ನೋದು ಹಳೆಯ ಜಪಾನಿನ ನಂಬಿಕೆ. ನಾವು 'ಮನಸ್ಸು ಬಿಚ್ಚಿ ಮಾತಾಡು' ಅನ್ನೋದನ್ನ ಜಪಾನಿಗಳು ಇವತ್ತಿಗೂ 'ಹೊಟ್ಟೆ ಬಿಚ್ಚಿ ಮಾತಾಡು' ಅಂತಾರೆ.

ಇದು ಶುರುವಾಗಿದ್ದು ಯುದ್ಧಭೂಮಿಯಲ್ಲಿ. 1180ರಲ್ಲಿ ಉಜಿ ಎಂಬಲ್ಲಿ ಸೋತ ಮಿನಮೊತೊ ನೊ ಯೊರಿಮಾಸಾ ಶತ್ರುವಿನ ಕೈಗೆ ಸಿಗದೆ ಹೀಗೆ ಸತ್ತ ಎಂಬುದನ್ನು ಹಳೆಯ ಉದಾಹರಣೆಯಾಗಿ ಕೊಡುತ್ತಾರೆ. ಆಮೇಲೆ 1603ರಲ್ಲಿ ತೊಕುಗಾವಾ ಶೋಗನ್‌ಗಳ ಆಡಳಿತ ಬಂತು. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ ದೊಡ್ಡ ಯುದ್ಧಗಳೇ ಅಪರೂಪವಾದವು. ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡ ಸಮುರಾಯ್ ಹೆಚ್ಚುಕಡಿಮೆ ಸರ್ಕಾರಿ ಗುಮಾಸ್ತನಾದ, ಭತ್ಯೆಯಾಗಿ ಸಿಗುವ ಅಕ್ಕಿಯಲ್ಲಿ ಬದುಕಿದ.

ಸೆಪ್ಪುಕು ಒಂದು ಶಿಕ್ಷೆಯಾಗಿ ಗಟ್ಟಿಯಾಗಿದ್ದು ಈ ಶಾಂತಿ ಕಾಲದಲ್ಲೇ. ತಪ್ಪು ಮಾಡಿದ ಸಾಮಾನ್ಯನನ್ನು ಕೊಲೆಗಡುಕ ಕೊಲ್ಲುತ್ತಿದ್ದ. ಸಮುರಾಯ್‌ಗೆ ಮಾತ್ರ ತನ್ನ ಕೈಯಿಂದಲೇ ಸಾಯುವ 'ರಿಯಾಯಿತಿ'. ಯಾವ ದಿನ, ಎಲ್ಲಿ, ಸಾಕ್ಷಿ ಯಾರು, ಹಿಂದೆ ಕತ್ತಿ ಹಿಡಿದು ನಿಲ್ಲುವ ಕೈಶಾಕುನಿನ್ ಯಾರು, ಎಲ್ಲದಕ್ಕೂ ಪ್ರೋಟೋಕಾಲ್. ಬರಬರುತ್ತಾ ಎಷ್ಟೋ ಕಡೆ ಎದುರಿಗೆ ಕತ್ತಿಯ ಬದಲು ಬೀಸಣಿಗೆ ಇಡುತ್ತಿದ್ದರು. ಅವನು ಅದನ್ನು ಮುಟ್ಟಿದ ಕ್ಷಣ ಹಿಂದಿನವನ ಕತ್ತಿ ಬೀಳುತ್ತಿತ್ತು. ಅಂದ್ರೆ ನಡೆಯುತ್ತಿದ್ದದ್ದು ಮರಣದಂಡನೆ, ಹೆಸರು ಮಾತ್ರ ಸೆಪ್ಪುಕು.

ಇದಕ್ಕೆಲ್ಲ ದೊಡ್ಡ ಉದಾಹರಣೆ '47 ರೋನಿನ್' ಪ್ರಕರಣ. 1701ರಲ್ಲಿ ಅಕೋ ಸಂಸ್ಥಾನದ ಡೈಮ್ಯೊ ಅಸಾನೋ ನಗಾನೋರಿ, ಎಡೋ ಕೋಟೆಯೊಳಗೆ ಕಿರಾ ಯೊಶಿನಾಕಾ ಎಂಬ ಅಧಿಕಾರಿಯ ಮೇಲೆ ಕತ್ತಿ ಬೀಸಿದ. ಕಾರಣ ಏನು ಅಂತ ಇಂದಿಗೂ ಚರ್ಚೆ ನಡೀತಾ ಇದೆ. ಕಿರಾ ಗಾಯಗೊಂಡ, ಸಾಯಲಿಲ್ಲ. ಕೋಟೆಯಲ್ಲಿ ಕತ್ತಿ ಹಿರಿಯೋದೇ ಅಪರಾಧ, ಹಾಗಾಗಿ ಅದೇ ದಿನ ಅಸಾನೋಗೆ ಸೆಪ್ಪುಕು ಆದೇಶ ಬಂತು. ಅಷ್ಟು ದೊಡ್ಡ ಡೈಮ್ಯೊನನ್ನು ಮನೆಯೊಳಗೆ ಕೂರಿಸಬೇಕಿತ್ತು, ಕೂರಿಸಿದ್ದು ಅಂಗಳದ ತೋಟದಲ್ಲಿ. ನಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆಗಿನವರಿಗೆ ಚಾಪೆ ಎಲ್ಲಿ ಹಾಸಿದರು ಅನ್ನೋದರಲ್ಲೇ ಮರ್ಯಾದೆಯ ಅಳತೆ ಇತ್ತು.

ಮರ್ಯಾದೆಯಿಂದ ಸತ್ತರೆ ಮನೆತನ ಉಳಿಯುತ್ತೆ ಅನ್ನೋದು ನಾವು ಕೇಳಿರುವ ಕಥೆ. ಅಸಾನೋ ಸತ್ತ, ಮನೆತನ ಉಳಿಯಲಿಲ್ಲ! 50,000 ಕೊಕು ಆದಾಯದ ಸಂಸ್ಥಾನವನ್ನು ಶೋಗನ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಒಂದು ಕೊಕು ಅಂದರೆ ಸರಿಸುಮಾರು ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕಾಗುವಷ್ಟು ಅಕ್ಕಿ. ಅಲ್ಲಿದ್ದ ಸಮುರಾಯ್‌ಗಳೆಲ್ಲ ಒಡೆಯನಿಲ್ಲದ ರೋನಿನ್‌ಗಳಾದರು. ಜಗಳದಲ್ಲಿ ಇಬ್ಬರಿಗೂ ಶಿಕ್ಷೆ ಅನ್ನೋದು ಹಳೆಯ ಪದ್ಧತಿ, ಆದರೂ ಕಿರಾಗೆ ಏನೂ ಆಗಲಿಲ್ಲ.

ಅವರ ಮುಖಂಡ ಓಯಿಶಿ ತಕ್ಷಣ ಸೇಡಿಗೆ ಇಳಿಯಲಿಲ್ಲ. ಅಸಾನೋನ ತಮ್ಮನ ಹೆಸರಲ್ಲಾದರೂ ಮನೆತನ ಉಳಿಸಿ ಅಂತ ಮೊದಲು ಮನವಿಗಳ ದಾರಿ ಹಿಡಿದ. 1702ರಲ್ಲಿ ಆ ಆಸೆಯೂ ಮುಗಿಯಿತು. ಅದೇ ಚಳಿಗಾಲದಲ್ಲಿ ಅವರು ಕಿರಾನ ಮನೆಗೆ ನುಗ್ಗಿ ಅವನನ್ನು ಕೊಂದು, ತಲೆಯನ್ನು ಸೆಂಗಾಕುಜಿ ದೇವಾಲಯದಲ್ಲಿದ್ದ ಒಡೆಯನ ಸಮಾಧಿಯ ಮುಂದಿಟ್ಟು ಶರಣಾದರು.

ಈಗ ಸರ್ಕಾರಕ್ಕೆ ತಲೆನೋವು. ಒಡೆಯನಿಗೆ ನಿಷ್ಠೆ ತೋರಿಸಿ ಅಂತ ಪಾಠ ಹೇಳಿದ್ದು ತಾನೇ, ಗುಂಪು ಕಟ್ಟಿ ಕೊಲೆ ಮಾಡಬಾರದು ಅಂತ ಕಾನೂನು ಮಾಡಿದ್ದೂ ತಾನೇ. ವಿದ್ವಾಂಸರಲ್ಲೂ ಎರಡು ಬಣ. ಅವರ ನಿಷ್ಠೆ ಖಾಸಗಿ ವಿಷಯ, ಅದಕ್ಕಾಗಿ ಎಲ್ಲರ ಕಾನೂನನ್ನು ಬಿಡಲಾಗದು ಅನ್ನೋದು ಒಗ್ಯೂ ಸೊರಾಯ್ ಎಂಬ ಪಂಡಿತನ ವಾದ. ಕೊನೆಗೆ 1703ರಲ್ಲಿ 46 ಜನರಿಗೆ ಸೆಪ್ಪುಕು ಆದೇಶವಾಯಿತು. ಅಪರಾಧಿಗಳ ಹಾಗೆ ತಲೆ ಕಡಿಸಲಿಲ್ಲ, ಹಾಗಂತ ಬದುಕಲೂ ಬಿಡಲಿಲ್ಲ. ನನಗನ್ನಿಸೋ ಹಾಗೆ ಇದು ಗೌರವಕ್ಕಿಂತ ಜಾಣ ರಾಜಿ: ಜನರೂ ಸಮಾಧಾನ, ಕಾನೂನೂ ಭದ್ರ. ಸತ್ತವರಲ್ಲಿ ಓಯಿಶಿಯ ಮಗನೂ ಇದ್ದ, ಇನ್ನೂ ಹದಿಹರೆಯದ ಹುಡುಗ. ಸತ್ತವರ ಗಂಡುಮಕ್ಕಳಲ್ಲಿ 15 ತುಂಬಿದವರನ್ನು ದ್ವೀಪಕ್ಕೆ ಗಡೀಪಾರು ಮಾಡಿದರು. ಅಂದ್ರೆ 'ಗೌರವದ ಸಾವು' ಮಕ್ಕಳನ್ನೂ ಕಾಯಲಿಲ್ಲ.

ಹಾಗಾದ್ರೆ ಸಮುರಾಯ್ ತಾನಾಗಿಯೇ ಸಾಯಲು ಹೊರಟರೆ? ಸತ್ತ ಒಡೆಯನ ಹಿಂದೆಯೇ ಸಾಯುವ 'ಜುನ್ಶಿ' ಅನ್ನೋ ರೂಢಿ ಇತ್ತು. ಅದನ್ನು 1663ರಲ್ಲಿ ಶೋಗನ್ ಸರ್ಕಾರ ನಿಷೇಧಿಸಿತು. 1668ರಲ್ಲಿ ಉತ್ಸುನೊಮಿಯಾ ಸಂಸ್ಥಾನದಲ್ಲಿ ಒಬ್ಬ ಹಾಗೆ ಸತ್ತಿದ್ದಕ್ಕೆ ಅವನ ಕುಟುಂಬಕ್ಕೂ ಶಿಕ್ಷೆ, ಇಡೀ ಸಂಸ್ಥಾನದ ಆದಾಯಕ್ಕೂ ಕತ್ತರಿ. ಆದೇಶ ಕೊಟ್ಟಾಗ ಸತ್ತರೆ ಗೌರವ, ಕೇಳದೆ ಸತ್ತರೆ ಅಪರಾಧ.

ಇನ್ನು ಯಮಮೊತೊ ತ್ಸುನೆತೊಮೊ. ಸಮುರಾಯ್ ದಾರಿಯೇ ಸಾವಿನ ದಾರಿ ಅಂತ ಬೋಧಿಸುವ 'ಹಗಾಕುರೆ' ಇವನ ಮಾತುಗಳ ಸಂಗ್ರಹ. ಅಕೋ ರೋನಿನ್‌ಗಳು ಸೇಡಿಗೆ ಅಷ್ಟು ದಿನ ಕಾಯಬಾರದಿತ್ತು ಅಂತ ಅವರನ್ನೂ ಬೈದವನು. 1700ರಲ್ಲಿ ತನ್ನ ಒಡೆಯ ತೀರಿಕೊಂಡಾಗ ಅವನ ಹಿಂದೆ ಹೋಗಲು ಇವನಿಗೆ ಅವಕಾಶವಿರಲಿಲ್ಲ. ಶೋಗನ್‌ಗಿಂತ ಮೊದಲೇ ಆ ಒಡೆಯ ತನ್ನ ಸಂಸ್ಥಾನದಲ್ಲಿ ಜುನ್ಶಿ ನಿಷೇಧಿಸಿದ್ದ. ಯಮಮೊತೊ ತಲೆ ಬೋಳಿಸಿಕೊಂಡು ಸನ್ಯಾಸಿಯಾದ, ಮುಂದೆ ಸುಮಾರು 19 ವರ್ಷ ಬದುಕಿದ.